ಇಪ್ಪತ್ತಮೂರು ದಂಡೆ

ಕೊಚ್ಚಿ
೩ ಮಾರ್ಚ್ ೨೦೨೪, ಭಾನುವಾರ

ಭಾರತೀ,

ಸುಜಯನಿಗೆ ಸಿಗ್ನಲ್ ಕೋರ್ಸ್ ಸಿಕ್ಕಿತು, ಇಡೀ ಹಡಗಿನಿಂದ ಆಯ್ಕೆಯಾದವರು ಇಬ್ಬರೇ, ಅದರಲ್ಲಿ ಒಬ್ಬ ನನ್ನ ಗಂಡ, ಮತ್ತು ನಾನೂ ಅವನ ಜೊತೆ ಕೊಚ್ಚಿಗೆ ಬಂದುಬಿಟ್ಟಿದ್ದೇನೆ! ನೋಡು, ‘ಕ್ಷೇಮ, ಕ್ಷೇಮವೇ’ ಎಂದೆಲ್ಲ ಕೇಳುವ ಮೊದಲೇ ಹೇಳಿ ಮುಗಿಸಿದೆ. ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತಿತ್ತು.

ತೇವರದ ಸೇತುವೆ ದಾಟಿದ ಮೇಲೆ ಒಂದು ಸಣ್ಣ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಟೆರೇಸಿಗೆ ಹೋಗಲು ಕಬ್ಬಿಣದ ಮೆಟ್ಟಿಲು. ಕಿಟಕಿಯ ಹೊರಗೆ ಹಿನ್ನೀರು. ದೋಣಿ ಹೋದಾಗ ನೀರಿನ ಬೆಳಕು ನಮ್ಮ ಚಾವಣಿಯ ಮೇಲೆ ಅಲ್ಲಾಡುತ್ತದೆ, ಎಷ್ಟು ಚಂದ ಅಂತೀಯ! ಮನೆಯ ಒಡತಿಗೆ ಮಲಯಾಳಂ ಬಿಟ್ಟು ಬೇರೇನೂ ಬರುವುದಿಲ್ಲ. ನಾವಿಬ್ಬರೂ ಕೈಸನ್ನೆಯಲ್ಲೇ ತೆಂಗಿನಕಾಯಿಯಿಂದ ಹಿಡಿದು ಗ್ಯಾಸ್ ಸಿಲಿಂಡರಿನವರೆಗೆ ಎಲ್ಲ ಮಾತಾಡುತ್ತೇವೆ.

ಕೋರ್ಸು ನಾಲ್ಕು ತಿಂಗಳು. ಧ್ವಜ, ದೀಪ, ವೈರ್‌ಲೆಸ್, ಎಲ್ಲ ಕಲಿಸುತ್ತಾರೆ. ಒಲೆಯ ಮೇಲಿನ ಗೋಡೆಗೆ ಸುಜಯ ಧ್ವಜಗಳ ದೊಡ್ಡ ಪಟ ಅಂಟಿಸಿದ್ದಾನೆ. ಒಂದೊಂದು ಬಾವುಟಕ್ಕೂ ಒಂದೊಂದು ಅರ್ಥ. ಮೊನ್ನೆ ನಾನು ಕೆಂಪು-ಹಳದಿ ಸೀರೆ ಉಟ್ಟು, ಸೆರಗು ಓರೆಯಾಗಿ ಹಾಕಿ, ಹೇಗಿದೆ ಎಂದು ಕೇಳಿದರೆ, ಆ ಮಹಾಶಯ ಏನೆಂದ ಗೊತ್ತೇ? “ಈಗ ನೀನು ‘ಮನುಷ್ಯ ನೀರಿಗೆ ಬಿದ್ದಿದ್ದಾನೆ’ ಅಂತ ಹೇಳ್ತಾ ಇದ್ದೀಯ!” ಇದು ನನ್ನ ಸಂಸಾರ. (ಗಂಡನನ್ನು ಏಕವಚನದಲ್ಲಿ ಕರೆಯಬೇಡ ಎಂದು ಅಮ್ಮ ಈಗಲೂ ಬೈಯುತ್ತಾಳೆ. ನೀನು ಅವಳಿಗೆ ಹೇಳಬೇಡ.)

ನಿನ್ನ ಫೋನ್ ಸ್ವಿಚ್ ಆಫ್ ಎಂದೇ ಬರುತ್ತದೆ, ಅದಕ್ಕೇ ಈ ಪತ್ರ. ಅಮ್ಮ ಹೇಳಿದಳು, ಕಾರವಾರದ ನೌಕಾನೆಲೆಯ ಗೇಟಿನಲ್ಲಿ ತೆಗೆದುಕೊಂಡ ನಿನ್ನ ಪಾಸನ್ನು ಇನ್ನೂ ವಾಪಸ್ ಕೊಟ್ಟಿಲ್ಲವಂತೆ. ಇಂಥದ್ದಕ್ಕೆಲ್ಲ ಇಷ್ಟು ದಿನ ಹಿಡಿಯುತ್ತದೆಯೇ? ಬೇಗ ಸರಿಹೋಗುತ್ತದೆ, ನೋಡುತ್ತಿರು. ಬೇಸ್‌ನ ಊಟದ ಮನೆಯಲ್ಲಿ ನೀನಿಲ್ಲದಿದ್ದರೆ ತರಬೇತಿಯ ಹುಡುಗರಿಗೆ ಅಷ್ಟು ಚಪಾತಿ ಯಾರು ಲಟ್ಟಿಸುತ್ತಾರೆ?

ಇದರ ಬಗ್ಗೆ ಮೊದಲು ಒಂದು ಪುಟ ಬರೆದಿದ್ದೆ. ಹರಿದು ಹಾಕಿ ಇದನ್ನು ಬರೆದೆ. ಬೇಗ ಉತ್ತರ ಹಾಕು, ಪ್ಲೀಸ್, ಪ್ಲೀಸ್.

ತುಂಬಾ ಪ್ರೀತಿಯಿಂದ,
ನಿನ್ನ ಪ್ರೇಕ್ಷಾ

&nbsp;

ಕೊಚ್ಚಿ
೨೪ ಮಾರ್ಚ್ ೨೦೨೪, ಭಾನುವಾರ

ಭಾರತೀ,

ಮೂರು ವಾರ ಆಯಿತು. ಅಂಚೆಯವನು ಸೈಕಲ್ ನಿಲ್ಲಿಸಿದಾಗಲೆಲ್ಲ ನಾನು ಮೆಟ್ಟಿಲು ಇಳಿದು ಓಡುತ್ತೇನೆ. ಅವನಿಗೆ ಈಗ ನನ್ನನ್ನು ಕಂಡರೆ ನಗು.

ನಮ್ಮೂರಲ್ಲಿ ಈಗ ಹೋಳಿಯ ಸುಗ್ಗಿ ಕುಣಿತದ ಗದ್ದಲ ಇರಬೇಕು. ಇಲ್ಲಿ ಏನೂ ಇಲ್ಲ. ಸುಜಯನಿಗೆ ದೀಪದ ಪಾಠ ಶುರುವಾಗಿದೆ. ಸಂಜೆ ಅವನು ಟೆರೇಸಿನ ಆ ಮೂಲೆಯಲ್ಲಿ, ನಾನು ಈ ಮೂಲೆಯಲ್ಲಿ. ನಾನು ಪುಸ್ತಕ ನೋಡಿಕೊಂಡು ಟಾರ್ಚು ಮಿಟುಕಿಸುತ್ತೇನೆ, ಅವನು ಓದಿ ಹೇಳುತ್ತಾನೆ. ಕೆಳಗಿನ ಮನೆಯವರು ನಮಗೆ ಹುಚ್ಚು ಹಿಡಿದಿದೆ ಎಂದುಕೊಂಡಿದ್ದಾರೆ.

ಭಾರತಿ, ನಾನು ಒಂದು ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಗೊತ್ತಿಲ್ಲದ ಭಾಗವೂ ಇದೆ.

ಜನವರಿ ಹದಿನಾರು, ಮಂಗಳವಾರ. ಹಡಗಿನವರ ಹೆಂಡತಿಯರನ್ನೆಲ್ಲ ಒಂದು ಹಾಲ್‌ಗೆ ಕರೆದಿದ್ದರು. ಫೋನುಗಳನ್ನು ಬಾಗಿಲಲ್ಲೇ ಒಂದು ಬುಟ್ಟಿಗೆ ಹಾಕಿಸಿಕೊಂಡರು. ಹಡಗು ಯಾವ ದಿನ, ಎಷ್ಟು ಗಂಟೆಗೆ ಬರುತ್ತದೆ ಎಂದು ಬಾಯಿಮಾತಲ್ಲಿ ಹೇಳಿ, “ಇದು ಈ ಬಾಗಿಲ ಹೊರಗೆ ಹೋಗಬಾರದು, ಅಮ್ಮನಿಗೂ ಹೇಳಬಾರದು” ಎಂದರು. ನಾನು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದೆ. ಹೊರಗೆ ಬಂದ ಮೇಲೆ ದಮಯಂತಿ ಅಕ್ಕ ನನ್ನ ಭುಜ ಹಿಡಿದರು. ಅವರ ಗಂಡ ಹಡಗಿನಲ್ಲಿ ಸೀನಿಯರ್, ಅವರು ನಮ್ಮೆಲ್ಲರ ನಡುವೆ ಸೀನಿಯರ್. “ಏ ಲೋಕಲ್ ಹುಡುಗಿ, ಹೂವು ನಿನ್ನ ಜವಾಬ್ದಾರಿ. ಇಪ್ಪತ್ತಮೂರು ದಂಡೆ. ಅಂಕೋಲೆಯ ಅಬ್ಬಲಿಗೆಯೇ ಆಗಬೇಕು, ಆ ಜರಿಕಾಗದದ ಬೊಕೆ ತಂದರೆ ನೋಡು!”

ಮದುವೆಯಾಗಿ ಆರು ವಾರವೂ ಆಗಿರಲಿಲ್ಲ. ಅವರು ನನ್ನನ್ನು ಮೊದಲ ಸಲ ಹೆಸರು ಕೇಳದೆ ಮಾತಾಡಿಸಿದ್ದರು. ನಾನು ಗಾಳಿಯಲ್ಲಿ ತೇಲಿಕೊಂಡು ಮನೆಗೆ ಬಂದೆ.

ನೀನು ಕೆಲಸ ಮುಗಿಸಿ ಕೋಡಿಬಾಗದ ನಮ್ಮ ಬಾಡಿಗೆ ಮನೆಗೆ ಬಂದೆ. ದಂಡೆ ಕಟ್ಟುವ ನಿಮ್ಮ ಅಬ್ಬೆಗೆ ಚೀಟಿ ಬರೆದುಕೋ ಎಂದು ನಾನು ಕ್ಯಾಲೆಂಡರಿನ ಹಾಳೆ ಹರಿದುಕೊಟ್ಟೆ. ‘ಶುಕ್ರವಾರ ಬೆಳಿಗ್ಗೆ ಇಪ್ಪತ್ತಮೂರು ದಂಡೆ’ ಎಂದು ಬರೆದರೆ ಸಾಕಿತ್ತು. ನಾನು ಹಾಗೆ ಹೇಳಲಿಲ್ಲ. ಹಡಗಿನ ಹೆಸರು ಹೇಳಿದೆ, ಗಂಟೆ ಹೇಳಿದೆ, ಯಾವ ಜೆಟ್ಟಿ ಎಂದೂ ಹೇಳಿದೆ. ನೀನು ಪೆನ್ನು ಎತ್ತಿ ಹಿಡಿದು ಕೇಳಿದೆ: “ಹೂವಿಗೆ ಹಡಗಿನ ಹೆಸ್ರು ಎಂತಕ್ಕೆ ಮಾರಾಯ್ತಿ?”

“ಬರಿಯೇ, ಚೀಟಿ ಜೋರಾಗಿ ಓದಿ ಹೇಳು, ನನ್ನ ಗಂಡನ ಹಡಗು ಎಷ್ಟು ದೊಡ್ಡದು ಅಂತ ನಿಮ್ಮ ಅಬ್ಬೆಗೂ ಗೊತ್ತಾಗ್ಲಿ” ಎಂದೆ.

ನೀನು ಬರೆದೆ. ನಾನು ಹೇಳಿದ್ದಕ್ಕೆ ಬರೆದೆ. ಆ ಹಡಗಿನ ಹೆಸರನ್ನು ಈ ಪತ್ರದಲ್ಲಿ ಎಲ್ಲೂ ಹಾಕಿಲ್ಲ. ಅಷ್ಟಾದರೂ ಕಲಿತಿದ್ದೇನೆ.

ನಿನ್ನ ಅಕ್ಷರ ನೋಡಬೇಕು ಅನ್ನಿಸುತ್ತಿದೆ. ಬೈದಾದರೂ ಬರೆ.

ಪ್ರೇಕ್ಷಾ

&nbsp;

ಹಟ್ಟಿಕೇರಿ
೨ ಏಪ್ರಿಲ್ ೨೦೨೪

ಪ್ರೇಕ್ಷಾ,

ನಿನ್ನ ಎರಡೂ ಪತ್ರ ತಲುಪಿವೆ. ಸುಜಯರಿಗೆ ಕೋರ್ಸ್ ಸಿಕ್ಕಿದ್ದು ಸಂತೋಷ. ಅಬ್ಬೆಗೆ ಓದಿ ಹೇಳಿದೆ. ಸೀರೆಯ ಮಾತಿಗೆ ಅವಳು ಬಹಳ ನಕ್ಕಳು.

ನನ್ನ ಫೋನ್ ಗೇಟಿನ ಭದ್ರತೆಯವರ ಹತ್ತಿರವೇ ಇದೆ. ಪರೀಕ್ಷೆಗೆ ಕಳುಹಿಸಿದ್ದಾರಂತೆ. ನಾನೀಗ ಶೇಂಗಾ ಗದ್ದೆಗೆ ಹೋಗುತ್ತಿದ್ದೇನೆ. ಮೂರು ವರ್ಷ ನೆರಳಲ್ಲಿ ಕೆಲಸ ಮಾಡಿ ಅಭ್ಯಾಸವಾಗಿತ್ತು, ಬಿಸಿಲು ಸ್ವಲ್ಪ ತಟ್ಟುತ್ತದೆ. ನಮ್ಮ ಅಪ್ಪ ಶನಿಯಾರನಿಗೆ ತಿಳಿದಿರುವುದು ಇಷ್ಟೇ, ಊಟದ ಮನೆಯ ಗುತ್ತಿಗೆದಾರ ಬದಲಾದ, ಅದಕ್ಕೆ ಕೆಲಸ ಹೋಯಿತು.

ನಿನಗೆ ಗೊತ್ತಿಲ್ಲದ ಭಾಗ ನನ್ನ ಹತ್ತಿರವೂ ಇದೆ. ಹದಿನೇಳರ ಸಂಜೆ ಹೊರಗೆ ಬರುವಾಗ ಗೇಟಿನಲ್ಲಿ ಬುತ್ತಿಚೀಲ ತೆಗೆಸಿದರು. ಹಿಂದಿನ ರಾತ್ರಿ ಅಬ್ಬೆಗೆ ಓದಿ ಹೇಳಿದ ಚೀಟಿ ಅದರಲ್ಲೇ ಉಳಿದಿತ್ತು. ಅಲ್ಲಿದ್ದವನು ನಮ್ಮ ಕಡೆಯವನೇ, ಕನ್ನಡ ಓದಿದ.

“ಇದೆಂತದೇ?”

“ಹೂವಿನ ಚೀಟಿ ಅದು.”

“ಹೂವಿಗೆ ಹಡಗಿನ ಹೆಸ್ರು ಎಂತಕ್ಕೆ?”

ನಾನು ನಿನಗೆ ಕೇಳಿದ್ದನ್ನೇ ಅವನು ನನಗೆ ಕೇಳಿದ. ನನಗೆ ನಗು ಬಂತು. ಆ ನಗುವನ್ನೂ ಅವರು ಬರೆದುಕೊಂಡರು. ಒಳಗೆ ಕೂರಿಸಿ, ಯಾರು ಹೇಳಿದ್ದು ಎಂದು ಮೂರು ಜನ ಮೂರು ಸಲ ಕೇಳಿದರು. ನಿನ್ನ ಹೆಸರು ನನ್ನ ಬಾಯಿಯವರೆಗೆ ಬಂದಿತ್ತು. ಮದುವೆ ಮಂಟಪದಲ್ಲಿ ನೀನು ಹೇಗೆ ಕೂತಿದ್ದೆ ಎಂದು ನೆನಪಾಯಿತು. “ಊಟದ ಮನೇಲಿ ಹುಡುಗ್ರು ಮಾತಾಡೂದು ಕೇಳ್ದೆ” ಎಂದುಬಿಟ್ಟೆ.

ಅದರಿಂದ ಆ ತರಬೇತಿ ಹುಡುಗರನ್ನು ಎರಡು ವಾರ ಹೊರಗೆ ಬಿಡಲಿಲ್ಲವಂತೆ. ನನ್ನ ಚಪಾತಿ ತಿಂದ ಹುಡುಗರು. ಅದು ನನ್ನ ತಪ್ಪು, ನಿನ್ನದಲ್ಲ.

ಒಂದು ಕೇಳಬೇಕಿತ್ತು. ಅಬ್ಬೆ, ಮಾತು ಕೊಟ್ಟಾಗಿದೆ ಎಂದು, ಆ ಶುಕ್ರವಾರ ಇಪ್ಪತ್ತಮೂರೂ ದಂಡೆ ಕಟ್ಟಿ ತಂದು ಕೊಟ್ಟಳಲ್ಲ. ಹೂವು ಚೆನ್ನಾಗಿತ್ತೇ?

ಭಾರತಿ

&nbsp;

ಕೊಚ್ಚಿ
೧೦ ಏಪ್ರಿಲ್ ೨೦೨೪

ಭಾರತೀ,

ಹೂವು ಚೆನ್ನಾಗಿತ್ತು.

ಈ ಒಂದು ಸಾಲು ಬರೆದು ಎರಡು ದಿನ ಆಯಿತು. ಯುಗಾದಿಯೂ ಆಗಿಹೋಯಿತು. ಸುಜಯ ಬೇವು ಹುಡುಕಿ ತಂದ, ನಾನು ಹೋಳಿಗೆ ಮಾಡಿದೆ, ಎಲ್ಲ ಮುರಿದುಹೋದವು, ನಕ್ಕೆವು. ನಗುವ ಮಧ್ಯೆ ನಿನ್ನ ಪತ್ರ ಅಕ್ಕಿ ಡಬ್ಬದ ಹಿಂದೆ ಇದೆ ಎಂಬುದು ನೆನಪಾಗುತ್ತಿತ್ತು.

ನಿನಗೆ ಗೊತ್ತಿಲ್ಲದ ಭಾಗ ಈಗ ಹೇಳುತ್ತೇನೆ. ಹದಿನೇಳರ ರಾತ್ರಿಯೇ ನನಗೆ ಎಲ್ಲ ಗೊತ್ತಾಗಿತ್ತು. ನಿನ್ನ ತಂಗಿ ನಾಗು ನಮ್ಮ ಅಮ್ಮನ ಮನೆಗೆ ಓಡಿ ಹೋಗಿ ಹೇಳಿದ್ದಳು, ಅಮ್ಮ ನನಗೆ ಫೋನ್ ಮಾಡಿದಳು. ನಾನು ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಳೆ ಬೆಳಿಗ್ಗೆ ಗೇಟಿಗೆ ಹೋಗಿ ಹೇಳಿಬಿಡುತ್ತೇನೆ ಎಂದೆ. ಅಮ್ಮ, “ನಿಂಗೆ ತಲೆ ಸಮಾ ಅದ್ಯಾ? ಈಗ ಬಾಯಿ ಬಿಟ್ರೆ ಅವನ ಕೆಲ್ಸಕ್ಕೇ ಕುತ್ತು. ನಮ್ಮ ಗದ್ದೆ ಕೆಲ್ಸದ ಗೌಡ್ರ ಮನೆ ಹುಡ್ಗಿ, ನಾಕು ದಿವ್ಸಕ್ಕೆ ಬೇರೆ ಎಲ್ಲಾದ್ರೂ ಕೆಲ್ಸ ಸಿಗ್ತದೆ ಅದಕ್ಕೆ. ಸುಮ್ಮಂಗೆ ಮಲಿಕ್ಕಾ” ಎಂದಳು.

ಅಮ್ಮನ ಮಾತು ಕೆಟ್ಟದ್ದು ಎಂದು ನನಗೆ ಆಗಲೇ ಅನ್ನಿಸಿತು. ಹೂಂ ಎಂದೆ. ಮಲಗಿದೆ. ನಿದ್ದೆಯೂ ಬಂತು. ಇದನ್ನು ಬರೆಯಲು ನಾಚಿಕೆ.

ಶುಕ್ರವಾರ ಬೆಳಿಗ್ಗೆ ಕಮಲಿ ಅಬ್ಬೆ ರಸ್ತೆಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಬಾಳೆ ಎಲೆ ತೆಗೆದು ತೋರಿಸಿದಳು. “ತಕಾ ಸಣ್ಣೊಡ್ತಿ, ಎಣಿಸ್ಕಾ. ಇಪ್ಪತ್ಮೂರು ಅದೆ. ನಿಂದು ಒಂದು ಗೇಣು ಉದ್ದ ಕಟ್ಟಿದೆ.” ನಾನು, ಎಲ್ಲ ಗೊತ್ತಿದ್ದೂ, “ಭಾರತಿ ಬರ್ಲಿಲ್ವಾ?” ಎಂದು ಕೇಳಿದೆ. ಅವಳೂ, ನನಗೆ ಗೊತ್ತು ಎಂದು ಗೊತ್ತಿದ್ದೂ, “ತಲೆನೋವಂತೆ, ಮಲಗೀದು” ಎಂದಳು. ನಾವಿಬ್ಬರೂ ಎಷ್ಟು ಚೆನ್ನಾಗಿ ಸುಳ್ಳು ಹೇಳಿದೆವು!

ಆ ಉದ್ದದ ದಂಡೆ ಮುಡಿದು ಜೆಟ್ಟಿಯಲ್ಲಿ ನಿಂತೆ. ಹಡಗು ಬಂತು. ಬಿಳಿ ಬಟ್ಟೆಯ ಸಾಲಿನಲ್ಲಿ ಸುಜಯ ಯಾರು ಎಂದು ಗುರುತೇ ಸಿಗಲಿಲ್ಲ, ನನ್ನ ಕಣ್ಣು ಹಾಗಿತ್ತು. ಕೆಳಗಿಳಿದು ಬಂದು, “ಅಳ್ತಾರೇನೇ, ಬಂದೆನಲ್ಲ” ಎಂದ. ದಮಯಂತಿ ಅಕ್ಕ ನಮ್ಮ ಫೋಟೋ ತೆಗೆದರು. ಆ ಫೋಟೋ ಈಗ ಇಲ್ಲಿ ಗೋಡೆಯ ಮೇಲಿದೆ. ನೋಡಿದವರೆಲ್ಲ ಸಂತೋಷದ ಕಣ್ಣೀರು ಎನ್ನುತ್ತಾರೆ.

ಸುಜಯನಿಗೆ ಶನಿವಾರ ಪರೀಕ್ಷೆ ಇದೆ. ಅದು ಮುಗಿದ ಕೂಡಲೇ ಅವನಿಗೆ ಹೇಳುತ್ತೇನೆ. ಪ್ರಾಮಿಸ್. ಪರೀಕ್ಷೆಗೆ ಮೊದಲು ಹೇಳಿದರೆ ಅವನಿಗೆ ಓದಲಾಗುವುದಿಲ್ಲ, ಅಷ್ಟೇ.

ನಿನ್ನ,
ಪ್ರೇಕ್ಷಾ

&nbsp;

ಹಟ್ಟಿಕೇರಿ
೨೫ ಏಪ್ರಿಲ್ ೨೦೨೪

ಪ್ರೇಕ್ಷಾ,

ಶನಿವಾರ ಕಳೆದು ಇನ್ನೊಂದು ಶನಿವಾರವೂ ಕಳೆಯಿತು. ನಿನ್ನಿಂದ ಪತ್ರ ಬರಲಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಗುತ್ತಿಗೆದಾರನ ಕಡೆಯಿಂದ ಒಂದು ಕಾಗದ ಬಂದಿದೆ. ನಾನು ಹೇಳುವುದು ಏನಾದರೂ ಇದ್ದರೆ ಮೇ ಮೂವತ್ತೊಂದರ ಒಳಗೆ ಹೇಳಬೇಕು. ಆಮೇಲೆ ನನ್ನ ಹೆಸರು ಒಳಗೆ ಬಿಡಬಾರದವರ ಪಟ್ಟಿಗೆ ಹೋಗುತ್ತದೆ, ಮತ್ತೆ ತೆಗೆಯುವುದಿಲ್ಲ.

ನನ್ನೊಬ್ಬಳದೇ ಆಗಿದ್ದರೆ ನಾನು ನಿನಗೆ ಬರೆಯುತ್ತಿರಲಿಲ್ಲ. ಶೇಂಗಾ ಮುಗಿದರೆ ಭತ್ತ ಇದೆ. ಆದರೆ ನಾಗು ನೌಕಾದಳದ ಅಗ್ನಿವೀರ ಪರೀಕ್ಷೆ ಪಾಸಾಗಿದ್ದಾಳೆ. ಬರೆಯುವುದೂ ಆಯಿತು, ಓಟವೂ ಆಯಿತು. ಬೆಳಿಗ್ಗೆ ಐದಕ್ಕೆ ಎದ್ದು ಹೈವೇ ಬದಿಯಲ್ಲಿ ಓಡಿ ಅಭ್ಯಾಸ ಮಾಡಿದಳು. ಲಾರಿಯವರು ಹಾರ್ನ್ ಹೊಡೆದರೆ ಅವರಿಗೇ ಬೈಯುತ್ತಿದ್ದಳು. ನಮ್ಮ ಕೇರಿಯಿಂದ ಹಡಗು ಹತ್ತುವ ಮೊದಲ ಹುಡುಗಿ ಎಂದು ಈಗಲೇ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದಾಳೆ. ತರಬೇತಿಗೆ ಕರೆಯುವ ಮೊದಲು ಮನೆಯವರ ಬಗ್ಗೆ ವಿಚಾರಣೆ ಆಗುತ್ತದಂತೆ. ಅಕ್ಕನ ಮೇಲೆ ಏನಿದೆ ಎಂದು ಕೇಳಿದರೆ ಅವರಿಗೆ ಅದೇ ಕಾಗದ ಸಿಗುತ್ತದೆ.

ಈಗ ನಾನೇ ಹೋಗಿ ನಿನ್ನ ಹೆಸರು ಹೇಳಬಹುದು. ಒಮ್ಮೆ ಹುಡುಗರ ಹೆಸರು ಹೇಳಿದವಳು ಈಗ ಇನ್ನೊಬ್ಬರ ಹೆಸರು ಹೇಳಿದರೆ ಯಾರು ನಂಬುತ್ತಾರೆ? ಹೇಳಬೇಕಾದವಳು ನೀನು.

ನಾವು ಒಟ್ಟಿಗೆ ಆಡಿ ಬೆಳೆದದ್ದು ನಿಮ್ಮ ಗದ್ದೆಯ ಬದುವಿನಲ್ಲಿ. ಆಟದಲ್ಲಿ ಏನಾದರೂ ಒಡೆದರೆ ಬೈಸಿಕೊಳ್ಳುತ್ತಿದ್ದವಳು ನಾನು. ಅದು ನನಗೆ ದೊಡ್ಡದು ಎಂದು ಯಾವತ್ತೂ ಅನ್ನಿಸಿರಲಿಲ್ಲ. ಈಗ ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವಾಗ ಒಂದೊಂದೇ ನೆನಪಾಗುತ್ತದೆ.

ಇದುವರೆಗೆ ನಿನ್ನ ಹತ್ತಿರ ಏನೂ ಕೇಳಿಲ್ಲ. ಇದನ್ನು ಕೇಳುತ್ತಿದ್ದೇನೆ.

ಭಾರತಿ

&nbsp;

ಕೊಚ್ಚಿ
೫ ಮೇ ೨೦೨೪, ಭಾನುವಾರ

ನನ್ನ ಪ್ರೀತಿಯ ಭಾರತೀ,

ನಾಗು ಪಾಸಾದಳೇ! ನಾನು ಅಡುಗೆಮನೆಯಲ್ಲಿ ಕುಣಿದೆ, ನಿಜವಾಗಿ! ನನ್ನ ಹಳೆಯ ಇಂಗ್ಲಿಷ್ ಗ್ರಾಮರ್ ಪುಸ್ತಕ ಹಿಡಿದುಕೊಂಡು ‘ಇದರ ಅರ್ಥ ಎಂತದೇ ಅಕ್ಕ’ ಎಂದು ನನ್ನ ಹಿಂದೆ ಹಿಂದೆ ಬರುತ್ತಿದ್ದ ಮೂಗುಬೊಟ್ಟಿನ ಹುಡುಗಿ! ಅವಳಿಗೆ ಒಂದು ಪಾರ್ಸೆಲ್ ಕಳುಹಿಸಿದ್ದೇನೆ. ಓಡಲು ಒಳ್ಳೆಯ ಶೂ, ಟ್ರ್ಯಾಕ್ ಸೂಟ್, ಒಂದು ಕೈಗಡಿಯಾರ. ನಿನಗೂ ಒಂದು ಚೂಡಿದಾರ್ ಇದೆ, ನೀಲಿ, ನಿನಗೆ ಒಪ್ಪುತ್ತದೆ.

ಕಾಗದದ ವಿಷಯ ಓದಿದೆ. ನಾನು ಬಹಳ ಯೋಚಿಸಿದೆ, ಭಾರತಿ. ಅಪ್ಪನಿಗೆ ಪರಿಚಯದವರು ಒಬ್ಬರು ಇದ್ದಾರೆ, ಅವರ ಮೂಲಕ ಗುತ್ತಿಗೆದಾರನಿಗೆ ಒಂದು ಮಾತು ಹೇಳಿಸಬಹುದು. ಯಾರ ಹೆಸರೂ ಬರದ ಹಾಗೆ ಆಗುತ್ತದೆ. ನಾಗುವಿಗೆ ಸುಜಯ ಫೋನಿನಲ್ಲಿ ಪಾಠ ಹೇಳಿಕೊಡಬಹುದು. ಆ ಕೆಲಸವೇ ಬೇಕೆಂದಿಲ್ಲವಲ್ಲ, ಕದ್ರಾದ ಕಡೆಯೂ ಕ್ಯಾಂಟೀನ್ ಕೆಲಸ ಇದೆಯಂತೆ, ಅಮ್ಮ ಹೇಳುತ್ತಿದ್ದಳು.

ಸುಜಯನಿಗೆ ಇನ್ನೂ ಹೇಳಿಲ್ಲ. ಆ ಶನಿವಾರದ ಪರೀಕ್ಷೆಯಲ್ಲಿ ಅವನು ಇಡೀ ತರಗತಿಗೆ ಮೊದಲಿಗನಾಗಿ ಬಂದು ನನ್ನನ್ನು ಎತ್ತಿ ತಿರುಗಿಸಿದ. ಆಗ ಹೇಗೆ ಹೇಳಲಿ? ನೀನೇ ಹೇಳು. ಇವರಿಗೆ ಮೊದಲ ದಿನವೇ ಕಲಿಸುವುದು ಬಾಯಿ ಬಿಗಿ ಹಿಡಿಯುವುದನ್ನು. ಸಿಗ್ನಲ್‌ನವನ ಹೆಂಡತಿಯೇ ಹಡಗಿನ ದಿನ-ಗಂಟೆ ಹೊರಗೆ ಹೇಳಿದಳು ಎಂದಾದರೆ ಅವನ ಗತಿ ಏನು? ಎಂಟು ವರ್ಷದ ಸರ್ವಿಸು. ಅವನದ್ದು ಏನೂ ತಪ್ಪಿಲ್ಲ.

ನಿನ್ನದೂ ಇಲ್ಲ. ಅದು ನನಗೆ ಗೊತ್ತು.

ಪಾರ್ಸೆಲ್ ಸಿಕ್ಕಿದ್ದಕ್ಕೆ ಬರೆ.

ಸಾವಿರ ಮುತ್ತು,
ಪ್ರೇಕ್ಷಾ

&nbsp;

ಹಟ್ಟಿಕೇರಿ
೧೩ ಮೇ ೨೦೨೪

ಪ್ರೇಕ್ಷಾ,

ಪಾರ್ಸೆಲ್ ವಾಪಸ್ ಕಳುಹಿಸಿದ್ದೇನೆ. ನಾಗು ತೆರೆದು ನೋಡಿಲ್ಲ, ನಾನು ತೋರಿಸಲಿಲ್ಲ.

ಇನ್ನು ಹದಿನೆಂಟು ದಿನ ಇದೆ.

ಭಾರತಿ

&nbsp;

ಕೊಚ್ಚಿ
೧೯ ಮೇ ೨೦೨೪, ಭಾನುವಾರ

ಭಾರತೀ,

ಹೇಳಿದೆ. ಸುಜಯನಿಗೆ ಹೇಳಿದೆ. ಶುಕ್ರವಾರ ಸಂಜೆ ಹೇಳಿದೆ. ನಿನ್ನ ಪತ್ರ ಮತ್ತು ಪಾರ್ಸೆಲ್ ಒಂದೇ ದಿನ ಬಂದವು. ಡಬ್ಬವನ್ನು ಮಂಚದ ಕೆಳಗೆ ತಳ್ಳುವಾಗ, ನಾನು ಏನನ್ನೆಲ್ಲ ಎಲ್ಲೆಲ್ಲಿ ಬಚ್ಚಿಡುತ್ತಿದ್ದೇನೆ ಎಂದು ಲೆಕ್ಕ ಸಿಗದ ಹಾಗಾಯಿತು.

ಸುಜಯ ಮೇಜಿನ ಮೇಲೆ ಸಂದೇಶ ಕಳಿಸುವ ಮೋರ್ಸ್ ಕೀ ಇಟ್ಟುಕೊಂಡು ಟಿಕ್ ಟಿಕ್ ಮಾಡುತ್ತಿದ್ದ. ಎಲ್ಲೋ ಎಡವಿದ. ಕೂಡಲೇ ಒಂದೇ ಸಮನೆ ಎಂಟು ಸಲ ಹೊಡೆದು, ಹಿಂದಿನ ಪದಕ್ಕೆ ಹೋಗಿ ಮತ್ತೆ ಶುರುಮಾಡಿದ. ಇದೇನು ಎಂದೆ.

“ಎಂಟು ಚುಕ್ಕಿ. ತಪ್ಪಾಯ್ತು ಅಂತ. ಸರಿ ಇದ್ದ ಕೊನೇ ಪದದಿಂದ ಮತ್ತೆ ಕಳಿಸ್ತೀನಿ ಅಂತ.”

“ಅದಕ್ಕೆ ಮಾರ್ಕು ಹೋಗಲ್ವಾ?”

“ಹೋಗುತ್ತೆ. ಕಳಿಸದೇ ಇದ್ರೆ ಮಾರ್ಕು ಉಳಿಯುತ್ತೆ, ಆ ಕಡೆ ಹಡಗು ತಪ್ಪು ದಿಕ್ಕಿಗೆ ತಿರುಗುತ್ತೆ. ನಮ್ಮ ಇನ್‌ಸ್ಟ್ರಕ್ಟರ್ ಎಡವಿದವರಿಗೆ ಬೈಯಲ್ಲ. ಎಡವಿ ಮುಚ್ಚಿಟ್ಟವರನ್ನ ಮೈದಾನ ಸುತ್ತಿಸ್ತಾರೆ.”

ಅವನು ನನಗೆ ಬುದ್ಧಿ ಹೇಳಲು ಹೇಳಿದ್ದಲ್ಲ, ಪಾಪ. ಅವನಿಗೆ ಏನೂ ಗೊತ್ತಿರಲಿಲ್ಲ. ನಾನು ನಿಂತಲ್ಲಿಂದಲೇ ಹೇಳಲು ಶುರುಮಾಡಿದೆ. ಹಾಲ್‌ನಿಂದ ಚೀಟಿಯವರೆಗೆ, ಚೀಟಿಯಿಂದ ಜೆಟ್ಟಿಯವರೆಗೆ, ಅಮ್ಮನ ಫೋನು, ನಿನ್ನ ಪತ್ರಗಳು, ನಾಗು, ಎಲ್ಲ. ಮುಗಿದ ಮೇಲೆ ಅವನು ಫಾರಂ ತುಂಬುವವನ ಹಾಗೆ ಕೇಳಿದ. ಯಾವ ತಾರೀಕು? ಎಷ್ಟು ಗಂಟೆಗೆ? ಫೋನಿನಲ್ಲಿ ಬರೆದೆಯಾ, ಬಾಯಲ್ಲಿ ಹೇಳಿದೆಯಾ? ಬೇರೆ ಯಾರಿಗೆ ಹೇಳಿದೆ? ಆಮೇಲೆ ಎದ್ದು ಹೋಗಿ, ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ತೊಳೆದ.

“ನನಗೆ ಯಾವಾಗ ಹೇಳ್ಬೇಕು ಅಂತಿದ್ದೆ?”

“ನಿನ್ನ ಪರೀಕ್ಷೆ ಮುಗಿದ ಮೇಲೆ.”

“ಯಾವ ಪರೀಕ್ಷೆ ಪ್ರೇಕ್ಷಾ? ನಾಲ್ಕು ಮುಗಿದಿದೆ.”

ನಾನು ಅವನ ಕೈಯಿಂದ ತಟ್ಟೆ ತೆಗೆದುಕೊಂಡು ಒರೆಸಿದೆ.

ಶನಿವಾರ ಬೆಳಿಗ್ಗೆ ಅವನೇ ಹೋಗಿ ತನ್ನ ಕೋರ್ಸಿನ ಆಫೀಸರಿಗೆ ಹೇಳಿ ಬಂದ. ವಿಚಾರಣೆ ಮುಗಿಯುವವರೆಗೆ ತರಗತಿಗೆ ಬರಬೇಡ ಎಂದಿದ್ದಾರೆ. ಸ್ಟೋರಿನಲ್ಲಿ ಕೂತು ಕಂಬಳಿ ಎಣಿಸುವ ಕೆಲಸ ಕೊಟ್ಟಿದ್ದಾರೆ. ಮತ್ತೆ ಕೋರ್ಸಿಗೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನು ಹೆದರಿದ್ದೆಲ್ಲ ಆಗುತ್ತಿದೆ, ಭಾರತಿ. ಇದನ್ನು ನಿನ್ನ ಮೇಲೆ ಹೊರಿಸಲು ಬರೆಯುತ್ತಿಲ್ಲ. ಜನವರಿ ಹದಿನೆಂಟಕ್ಕೇ ಹೋಗಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತೋ ಏನೋ. ನಾಲ್ಕು ತಿಂಗಳು ಬಚ್ಚಿಟ್ಟಿದ್ದರಿಂದ ಅದು ಇಷ್ಟು ದೊಡ್ಡದಾಯಿತು.

ದಮಯಂತಿ ಅಕ್ಕನಿಗೂ ಫೋನ್ ಮಾಡಿ ಹೇಳಿದೆ. ಹೂವಿನ ಮಾತು ಅವರಿಂದ ಶುರುವಾದದ್ದು, ಅವರನ್ನೂ ಕೇಳುತ್ತಾರೆ. “ನಾನು ಹೂವು ತಾ ಎಂದೆ, ಹಡಗನ್ನು ಮಾರಿ ಬಾ ಎಂದೆನೇ?” ಎಂದು ಕೂಗಿ ಇಟ್ಟುಬಿಟ್ಟರು. ಅವರು ಹೇಳಿದ್ದು ಸರಿ. ಅಮ್ಮ ಎರಡು ದಿನದಿಂದ ಅಳುತ್ತಿದ್ದಾಳೆ. “ನೀ ನಮ್ಮನೆ ಮರ್ಯಾದೆ ತೆಗ್ದೆ” ಎನ್ನುತ್ತಾಳೆ. ನಾನು ಅವಳಿಗೆ ಬೈಯಲಿಲ್ಲ. ಅವಳು ಹೇಳಿದ್ದಕ್ಕೆ ಹೂಂ ಎಂದವಳು ನಾನು.

ಶನಿವಾರ ಸುಜಯ ತಂದುಕೊಟ್ಟ ನಂಬರಿಗೆ, ಕಾರವಾರದ ಭದ್ರತೆಯವರ ಆಫೀಸಿಗೆ ಫೋನ್ ಮಾಡಿದೆ. ನನ್ನ ಹೆಸರು, ಗಂಡನ ಹೆಸರು, ಯಾವ ವಿಷಯ ಎಂದು ಹೇಳಿದೆ. ಆ ಕಡೆಯವರು ಬಹಳ ಹೊತ್ತು ಏನೋ ಬರೆದುಕೊಂಡರು. ಇಪ್ಪತ್ತನಾಲ್ಕನೇ ತಾರೀಕು ಹನ್ನೊಂದು ಗಂಟೆಗೆ ಬರಬೇಕಂತೆ, ಹೇಳಿಕೆಯನ್ನು ಬರೆದು ತರಬೇಕಂತೆ.

ಮೂರು ಸಲ ಬರೆದೆ. ಮೊದಲನೆಯದರಲ್ಲಿ ನನಗೆ ಹೊಸದಾಗಿ ಮದುವೆಯಾಗಿತ್ತು ಎಂಬುದೇ ಆರು ಸಾಲು ಇತ್ತು. ಎರಡನೆಯದರಲ್ಲಿ ನೀನು ಎಷ್ಟು ಒಳ್ಳೆಯವಳು ಎಂದು ಒಂದು ಪುಟ. ಸುಜಯ ಓದಿ, “ಅವರಿಗೆ ಇದ್ಯಾವುದೂ ಬೇಡ. ಯಾರು, ಯಾವಾಗ, ಏನು. ಹೆಸರುಗಳನ್ನ ಸರಿಯಾಗಿ ಬರಿ” ಎಂದ. ಎರಡು ದಿನದಲ್ಲಿ ಅವನು ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಅದೇ. ಈಗ ಹೀಗಿದೆ. ನೀನೂ ಓದು, ತಪ್ಪಿದ್ದರೆ ಅಲ್ಲಿಯೇ ತಿದ್ದುತ್ತೇನೆ:

‘ಹಡಗು ಬರುವ ದಿನ, ಸಮಯ ಮತ್ತು ಜಾಗವನ್ನು ೧೬ ಜನವರಿ ೨೦೨೪ರ ಸಂಜೆ ನನ್ನ ಮನೆಯಲ್ಲಿ ಭಾರತಿ ಶನಿಯಾರ ಗೌಡ ಇವಳಿಗೆ ಹೇಳಿದವಳು ನಾನು. ಹೂವಿನ ಚೀಟಿಯಲ್ಲಿ ಹಡಗಿನ ಹೆಸರು ಬರೆಯುವುದು ಬೇಡ ಎಂಬರ್ಥದಲ್ಲಿ ಅವಳು ಕೇಳಿದರೂ, ಬರೆ ಎಂದು ಒತ್ತಾಯಿಸಿದವಳು ನಾನು. ಊಟದ ಮನೆಯ ತರಬೇತಿ ಹುಡುಗರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅವಳು ಹಾಗೆ ಹೇಳಿದ್ದು ನನ್ನನ್ನು ಉಳಿಸಲು. ೧೭ರ ರಾತ್ರಿ ನನಗೆ ಎಲ್ಲವೂ ತಿಳಿದಿತ್ತು, ನಾನು ಸುಮ್ಮನಿದ್ದೆ.’

ಸುಜಯ ಅದನ್ನು ಓದಿ, ಹಾಳೆಯನ್ನು ಮಡಚಿ ಕವರಿಗೆ ಹಾಕಿಕೊಟ್ಟ.

ನಿನ್ನ ಪಾಸು ಸಿಗುತ್ತದೆಯೋ, ನಾಗುವಿನ ವಿಚಾರಣೆ ಸುಸೂತ್ರ ಆಗುತ್ತದೆಯೋ, ನನಗೆ ಗೊತ್ತಿಲ್ಲ. ಆಗಿಯೇ ಆಗುತ್ತದೆ ಎಂದು ಮೊದಲಿನ ಹಾಗೆ ಬರೆದುಬಿಡಬಹುದು. ಬರೆಯುವುದಿಲ್ಲ. ಹುಡುಗರ ಹೆಸರು ಹೇಳಿದ್ದಕ್ಕೆ ನಿನ್ನನ್ನೂ ಕೇಳಬಹುದು ಎಂದು ಸುಜಯ ಹೇಳಿದ. ಕೇಳಿದರೆ ಇದ್ದದ್ದನ್ನು ಹೇಳು. ನನ್ನ ಬಗ್ಗೆ ಇನ್ನು ಯಾವುದನ್ನೂ ಉಳಿಸಿ ಮಾತಾಡಬೇಡ.

ಸುಜಯನಿಗೆ ರಜೆ ಇಲ್ಲ, ಒಬ್ಬಳೇ ಬರುತ್ತಿದ್ದೇನೆ. ಅಮ್ಮನ ಮನೆಗೆ ಹೋಗುವುದಿಲ್ಲ, ನೇರವಾಗಿ ಗೇಟಿಗೇ ಹೋಗುತ್ತೇನೆ. ನೀನು ಸ್ಟೇಷನ್ನಿಗೆ ಬರಬೇಕೆಂದಿಲ್ಲ, ಗೇಟಿನ ಹತ್ತಿರ ನಿಲ್ಲಬೇಕೆಂದೂ ಇಲ್ಲ. ನಾನು ಹೇಳಿ ಹೊರಗೆ ಬಂದದ್ದು ನಿನಗೆ ತಿಳಿಯಬೇಕು, ಅಷ್ಟೇ. ಬಾಗಿಲು ತೆರೆಯುತ್ತೀಯೆಂದಾದರೆ ಅಲ್ಲಿಂದ ಹಟ್ಟಿಕೇರಿಗೆ ಬರುತ್ತೇನೆ, ನಾಗುವಿನ ಮುಂದೆಯೂ ಇದನ್ನೇ ಹೇಳುತ್ತೇನೆ.

ಗುರುವಾರ, ಇಪ್ಪತ್ತಮೂರರ ಮಧ್ಯಾಹ್ನ, ಎರ್ನಾಕುಲಂನಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತುತ್ತೇನೆ. ಇಪ್ಪತ್ತನಾಲ್ಕು, ಶುಕ್ರವಾರ, ಬೆಳಕು ಹರಿಯುವ ಮೊದಲೇ ಅದು ಕಾರವಾರಕ್ಕೆ ಬರುತ್ತದೆ.

ಪ್ರೇಕ್ಷಾ